ನಾಲ್ಕು ಮೊಟ್ಟೆ

ಲೆಂಟಿನ ನಾಲ್ಕನೇ ಭಾನುವಾರ, ಭದ್ರಾವತಿ, ಕಾಗದನಗರದ ಸಭೆ:
ಹಾಜರಿ ಮೂವತ್ತೊಂದು, ಕಾಣಿಕೆ ಎಂಟುನೂರ ನಲವತ್ತು.
ಇಷ್ಟು ನನ್ನ ಪುಸ್ತಕದಲ್ಲಿದೆ.
ಅಯ್ಯನವರು ಕರ್ತನ ಪ್ರಾರ್ಥನೆಯಲ್ಲಿ
ರೊಟ್ಟಿ ಕೇಳುವ ಮಾತಿನ ತನಕ ಬಂದು
ನಿಂತುಬಿಟ್ಟದ್ದು ಇಲ್ಲ.

ಮರೆತರೆಂದುಕೊಂಡೆವು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು.
ಹಾಲುಹಲ್ಲಿನಿಂದ ಸವೆದ ಮಾತು, ಮರೆಯುವುದುಂಟೆ?
ಎರಡೂ ಕೈ ಪೀಠದ ಅಂಚು ಹಿಡಿದಿದ್ದವು,
ಘಾಟಿ ಇಳಿಯುವ ಬಸ್ಸಿನಲ್ಲಿ ಕಂಬಿ ಹಿಡಿದಂತೆ.
ಎಂದೂ ದನಿಯೆತ್ತದ ಸುಗುಣಮಣಿ
ಮುಂದಿನ ಸಾಲು ಹೇಳಿದಳು. ನಾವು ಹಿಂದಿನಿಂದ ಹಿಡಿದೆವು.
ಆಮೆನ್ ಹೊತ್ತಿಗೆ ಅವರು ಕುಳಿತಾಗಿತ್ತು.

ಮಧ್ಯಾಹ್ನ ಪಾರ್ಸನೇಜಿಗೆ ಹೋದೆವು. ಒಲೆಯ ಮೇಲೆ ನಿನ್ನೆಯ ಗಂಜಿ.
ಅಮ್ಮನವರು ತೀರಿಕೊಂಡು ಹದಿನಾಲ್ಕು ತಿಂಗಳು.
ಸಮಾಧಿಯ ಖರ್ಚು ನಾನೇ ಬರೆದಿದ್ದೆ, ವೋಚರು ಸಮೇತ.
ಆಮೇಲೆ ಈ ಬಾಗಿಲು ತಟ್ಟಿದೆವೋ?
ತಟ್ಟಿದೆವಲ್ಲ!
ಮದುವೆಗೆ ದೀಕ್ಷಾಸ್ನಾನದ ಪತ್ರ ಬೇಕಿತ್ತು,
ಠಾಣೆಯಲ್ಲಿ ಒಂದು ಮಾತು ಬೇಕಿತ್ತು,
ರಾತ್ರಿ ಎರಡಕ್ಕೆ ನನ್ನಪ್ಪನ ತಲೆಯ ಮೇಲೆ
ಒಂದು ಕೈ ಬೇಕಿತ್ತು.

ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು ನಾನು.
ರೀಲು ಉರುಳಿಸುವ ಕಡೆ ಗೋಡೆಗೆ ಕೆಂಪಕ್ಷರ:
ಒಬ್ಬನೇ ಕೈ ಹಾಕಬೇಡ.
ಹಾಕಿದವನ ಬೆರಳು ಮರದಪುಡಿಯಲ್ಲಿ ಹುಡುಕಿದ್ದೇವೆ.
ಮಿಲ್ಲು ಮುಚ್ಚಿತು, ಗೋಡೆಗೆ ಹುಲ್ಲು ಬಂತು.
ಗುಡಿಯ ಒಳಗೋಡೆಗೆ ಎಷ್ಟೊಂದು ವಾಕ್ಯ ಬರೆಸಿದೆವು,
ಬಣ್ಣದ ಬಿಲ್ಲು ನನ್ನಲ್ಲಿದೆ.
ಇದೊಂದು ಹೊಳೆಯಲಿಲ್ಲ.

ಅವರ ಡೈರಿ ತೆರೆದೇ ಇತ್ತು.
ಮಂಗಳವಾರ ಶಿವಮೊಗ್ಗ, ಎಫ್ರಾಯಿಮನ ಡಯಾಲಿಸಿಸ್.
ಬುಧವಾರ ಹೊಳೆಯಾಚೆ ಮಾರ್ಥಮ್ಮನಿಗೆ ಕಣ್ಣಿನ ಹನಿ.
ಗುರುವಾರ ಆಮೋಸ.
ದೇವನೇಸನ್ ಲಾರಿಯ ಕೀಲಿ ತಿರುಗಿಸುತ್ತ, ಮಂಗಳವಾರ ನಂದು, ಅಂದ.
ಬುಧವಾರ ಸುಗುಣಮಣಿಯದು.
ಠರಾವಿಲ್ಲ, ಅನುಮೋದಕರಿಲ್ಲ.
ಗುರುವಾರಕ್ಕೆ ಯಾರೂ ಬಾಯಿ ಬಿಡಲಿಲ್ಲ.
ಕುಡುಕನ ಮನೆ; ಮೇಲಾಗಿ
ಅವನು ನನಗೆ ಆರು ಸಾವಿರ ಬಾಕಿ, ಮಾತು ಬಿಟ್ಟು ಮೂರು ವರ್ಷ.
ಎಲ್ಲರೂ ನನ್ನನ್ನೇ ನೋಡಿದರು.

ಹೋದೆ. ಸುಳ್ಳೇಕೆ, ಬಾಗಿಲಲ್ಲಿ ಬಾಕಿಯೇ ನೆನಪಾಯಿತು.
ಕ್ವಾರ್ಟರ್ಸಿನ ಮೆಟ್ಟಿಲಲ್ಲಿ ಅವನು ಕೋಳಿಗೆ ನುಚ್ಚು ಚೆಲ್ಲುತ್ತಿದ್ದ.
ಅಯ್ಯನವರು ಬರಲಿಲ್ಲವಾ?
ಮಲಗಿದ್ದಾರೆ, ಅಂದೆ. ಊಟ ಸೇರುತ್ತಿಲ್ಲ.
ಅವನು ನನ್ನನ್ನು ಒಳಗೆ ಕರೆಯಲಿಲ್ಲ.
ಬುಟ್ಟಿಯಲ್ಲಿ ಕೈಯಾಡಿಸಿ, ಪಂಚೆಯ ಮಡಿಲಲ್ಲಿ ಏನೋ ಕಟ್ಟಿ,
ಚಪ್ಪಲಿ ಮೆಟ್ಟಿದ.
ನಡಿ ಮತ್ತೆ, ನೋಡಿ ಬರೋಣ.

ಬೀಗ ಹಾಕಿದ ಗೇಟು ದಾಟಿ ನಡೆದೆವು,
ಮಡಿಲು ಅಲುಗದಂತೆ ಅವನು, ಅವನ ಹೆಜ್ಜೆಗೆ ನಿಧಾನಿಸಿ ನಾನು.
ಬಾಕಿಯ ಮಾತು ಅವನೂ ಎತ್ತಲಿಲ್ಲ.
ಆ ಮನೆಯ ಒಲೆಗೆ ಅವನೇ ಬೆಂಕಿ ಹಚ್ಚಿದ.

ನಾಲ್ಕು ನಾಟಿ ಮೊಟ್ಟೆ.
ತಿಂಗಳ ಲೆಕ್ಕಕ್ಕೆ ಕುಳಿತಿದ್ದೇನೆ;
ಯಾವ ಬಾಬ್ತಿಗೆ ಬರೆಯಲಿ
ಇನ್ನೂ ತಿಳಿದಿಲ್ಲ.