ನಾನೂರ ಹದಿನೇಳನೆಯ ಮರ

ನಾನೂರ ಹದಿನಾರರ ತನಕ ತೊಂದರೆ ಇರಲಿಲ್ಲ:
ತೆಂಗು, ತೆಂಗು, ಗೋಳಿ, ಹಲಸು, ತೆಂಗು,
ಗೋಡೆ ಸೀಳಿ ಬಂದ ಅಶ್ವತ್ಥ, ತೆಂಗು.
ದೇಜಪ್ಪ ಬಿಳಿ ಪಟ್ಟಿ ಬಳಿದು ಕೆಂಪಲ್ಲಿ ನಂಬರು ಬರೆದರೆ
ನಾನು ಸುತ್ತಳತೆ ಬರೆದು ಮುಂದೆ ಹೋಗುವುದು.
ರಸ್ತೆ ಅಗಲವಾಗುವ ಮೊದಲು
ಬೋಳಾರದ ಮರಗಳಿಗೆ ನಾವೇ ಕೊನೆಯ ನೆಂಟರು.

ಮುಚ್ಚಿದ ಹೆಂಚಿನ ಕಾರ್ಖಾನೆಯ ಹಿಂದೆ
ಇದರೆದುರು ಟೇಪು ಹಿಡಿದು ನಿಂತೆ.
ಸುತ್ತಳತೆ ನೂರ ಅರುವತ್ತು ಸೆಂಟಿಮೀಟರು.
ಎತ್ತರ, ಚಿಮಣಿಯ ಎರಡನೇ ಕಬ್ಬಿಣದ ಬಳೆಯವರೆಗೆ.
ಜಾತಿ:
ಅಲ್ಲಿ ಪೆನ್ನು ನಿಂತಿತು.

ತಾಳೆಯಲ್ಲ. ತಾಳೆಯ ದಂಟಿಗೆ ಗರಗಸದ ಹಲ್ಲು,
ಇದರದ್ದು ಬಾಚಣಿಗೆಯ ಬೆನ್ನಿನಂತೆ ನುಣ್ಣಗೆ.
ಬೈನೆಯಲ್ಲ, ಎಲೆಗೆ ಮೀನಿನ ಬಾಲ ಇಲ್ಲ.
ಈಚಲಿನ ಮುಳ್ಳಿಲ್ಲ, ಕಂಗಿನ ಹಸಿರು ಕುತ್ತಿಗೆ ಇಲ್ಲ.
ಗರಿ ಬೀಸಣಿಗೆಯಾಗಲು ಹೊರಟು
ನಡುವೆ ಮನಸ್ಸು ಬದಲಿಸಿ
ಬೆನ್ನೆಲುಬು ಬಗ್ಗಿಸಿಕೊಂಡಿದೆ.
ಸೀಳು ಸೀಳಿನ ನಡುವೆ ನೂಲು ಜೋತಿವೆ,
ದರ್ಜಿ ಊಟಕ್ಕೆ ಎದ್ದು ಹೋದ ಹಾಗೆ.
ಹಳೆ ಗರಿಗಳ ಬುಡ ಕವಲೊಡೆದು
ಕಾಂಡಕ್ಕೆ ಬುಟ್ಟಿ ಹೆಣೆದಿವೆ.
ದೇಜಪ್ಪ ಆ ಬುಟ್ಟಿಯ ಮೇಲೆಯೇ ೪೧೭ ಬರೆದ.

ಅವನು ಮೂರ್ತೆದಾರರ ಮನೆಯವನು;
ಅಪ್ಪನ ಕತ್ತಿಯಲ್ಲಿ ಈಗ ಹೆಂಡತಿ ಹಲಸು ಕೊಯ್ಯುತ್ತಾಳೆ.
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು
"ಇದು ಕಳ್ಳು ಕೊಟ್ಟದ್ದಲ್ಲ ಮೇಡಂ,
ಯಾರೂ ಹತ್ತಿದ್ದೂ ಇಲ್ಲ" ಅಂದ.
ಹತ್ತದ ಮರಕ್ಕೆ ಹೆಸರು ಯಾಕೆ ಎಂಬಂತೆ
ಡಬ್ಬದ ಮುಚ್ಚಳ ಹಾಕಿದ.

ದೋಣಿ ಕಟ್ಟುವ ಅದ್ದಾಕ ನೋಡಿದರು:
ಹಲಗೆಗಾಗದ್ದು.
ಅದೂ ಒಂದು ವರ್ಗೀಕರಣ.

ಕಾಲೇಜಿನ ಉಪಾಧ್ಯರಿಗೆ ಫೋಟೋ ಕಳಿಸಿದೆ.
ಹೂ ಬೇಕು, ಎಂದರು. ಗೊಂಚಲು ಗರಿಗಿಂತ ಉದ್ದವೋ ಗಿಡ್ಡವೋ,
ಹಣ್ಣು ಕಪ್ಪೋ ನೀಲಿಯೋ, ಬೀಜದ ಹೊಕ್ಕುಳು ಯಾವ ಬದಿಗೆ.
ಹೂವಿಲ್ಲದೆ ಹೇಳಿದರೆ ಅದು ಶಾಸ್ತ್ರವಲ್ಲ, ಶಕುನ.
ಆದರೂ ಮೂರು ಹೆಸರು ಕೊಟ್ಟರು,
ಮೂರಕ್ಕೂ ಪ್ರಶ್ನಾರ್ಥಕ ಚಿಹ್ನೆಯ ಕೊಕ್ಕೆ.
ಓದಿ ಹೇಳಿದರೆ ದೇಜಪ್ಪ,
"ಮೆಡಿಕಲಿನ ಚೀಟಿ ಹಾಗುಂಟು."

ಗೋಡೆಯಾಚೆ ಕಾರ್ಮಿನ್ ಬಾಯಿ, ಎಂಬತ್ತೋ ಎಂಬತ್ತೆರಡೋ,
ಹೆಂಚು ಹೊತ್ತು ನೆತ್ತಿ ಇನ್ನೂ ಚಪ್ಪಟೆ ಎಂದು ತಾವೇ ನಗುವವರು.
"ಹೆಸರು ಯಾರಿಗೆ ಗೊತ್ತು?
ಅದರ ಹತ್ತಿರ ನಿಲ್ಲಿಸಿ ಹಾಜರಿ ಕೂಗುತ್ತಿದ್ದದ್ದು.
ಆಗ ಅದು ನನ್ನ ಸೊಂಟದಷ್ಟು.
ರೈಟರು ನಮ್ಮ ಹೆಸರೂ ಕರೆಯುತ್ತಿರಲಿಲ್ಲ, ನಂಬರು.
ನಾನು ಇನ್ನೂರ ಆರು. ನಿಮ್ಮ ಮರ?"
ನಾನೂರ ಹದಿನೇಳು.
"ಹಾಗಾದರೆ ನನ್ನ ನಂತರ ಸೇರಿದ್ದು."

ಸಂಜೆ ಕಚೇರಿಯಲ್ಲಿ ಪರದೆ ಹಟ ಹಿಡಿಯಿತು:
ಜಾತಿ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ.
ನನಗೆ ಈ ಕಾಲಂ ಹೊಸದಲ್ಲ.
ಮೂರನೇ ಕ್ಲಾಸಿನಲ್ಲಿ ಮೇಷ್ಟರು ಅದನ್ನು ಗಟ್ಟಿಯಾಗಿ ಓದಿ
ಎಲ್ಲರೆದುರು ಉತ್ತರಕ್ಕೆ ಕಾದಿದ್ದರು.
ಗೊತ್ತಿತ್ತು. ಹೇಳಲಿಲ್ಲ.
ಮರಕ್ಕೆ ಗೊತ್ತುಂಟೋ ಇಲ್ಲವೋ.

"ತೆಂಗು ಅಂತ ಹಾಕಿ ಬಿಡಿ," ಇಂಜಿನಿಯರು ಚಹಾದ ಲೋಟದಿಂದ
ತಲೆ ಎತ್ತದೆ ಹೇಳಿದರು. "ತೆಂಗಾದರೆ ಪರವಾನಗಿ ಬೇಡ,
ನಾಳೆಯೇ ಕಡಿಯಬಹುದು. ಗೊತ್ತಿಲ್ಲ ಅಂತ ಬರೆದರೆ
ಕಡತ ಅರಣ್ಯದವರಿಗೆ, ಅಲ್ಲಿಂದ ಸಮಿತಿಗೆ,
ಅಷ್ಟರಲ್ಲಿ ನಾನು ರಿಟೈರು."

ನಾಲ್ಕಕ್ಷರ ಜೀವನದಲ್ಲಿ ಇಷ್ಟು ನಿಧಾನ ಒತ್ತಿದ್ದಿಲ್ಲ:
ಗೊತ್ತಿಲ್ಲ.
ಷರಾ ಎಂಬಲ್ಲಿ, ಹೂ ಬಂದ ಮೇಲೆ ನೋಡುವುದು.

ಆಟಿಯ ಗಾಳಿಗೆ ಮೊನ್ನೆ ಒಂದು ಬುಡ ಕಳಚಿ ಬಿತ್ತಂತೆ,
ಏಳು ಅದರ ಜೊತೆಗೇ ಹೋಯಿತು.
ಕಾಂಡದಲ್ಲಿ ಉಳಿದದ್ದು ೪೧.
ಪಟ್ಟಿ ತಿರುವಿದೆ: ನಲವತ್ತೊಂದು ಎಂದರೆ
ಹೊಯಿಗೆಬಜಾರಿನ ಮಾವು, ಕಡಿದು ತಿಂಗಳಾಯಿತು.

"ಈಗ ಅದು ನನಗಿಂತ ಹಿರಿಯ," ಅಂದರು ಬಾಯಿ ಫೋನಿನಲ್ಲಿ.
ಬಿದ್ದ ಏಳು ಎಲ್ಲಿ ಎಂದೆ.
ಬಚ್ಚಲ ಒಲೆಗೆ, ಒಣಗಲಿ ಎಂದು
ಒರಗಿಸಿ ಇಟ್ಟಿದ್ದಾರಂತೆ.