ಒಂದು ಮೊಳ

ಹನ್ನೆರಡು ತಾಕು. ಒಂದೊಂದಕ್ಕೂ ಹಗ್ಗ ಹಿಡಿದು
ನಾನೇ ಗೂಟ ಹೊಡೆದಿದ್ದೆ,
ನಾಮಕುರ್ರಾದ ಮರಳುಮಣ್ಣಿನಲ್ಲಿ.
ಕಿತ್ತಳೆ ತಿರುಳಿನ ಗೆಣಸು.
ನೀಲಿ ಫಲಕದ ಮೇಲೆ ಮೂರು ಧ್ವಜ, ಒಂದು ಮೊತ್ತ,
ಮತ್ತೊಂದು ನಗುವ ಮಗು, ಯಾವ ದೇಶದ್ದೋ.

ಮಕ್ಕಳ ಇರುಳುಗಣ್ಣಿಗೆ ಒಳ್ಳೆಯದು ಎಂದೆವು.
ಮುದುಕರು ಮುರಿದು, ಮೂಸಿ,
ಕುಂಬಳಕ್ಕೆ ಬಸಿರಾದ ಗೆಣಸು ಎಂದು ನಕ್ಕರು.
ಆದರೂ ತಿಂದರು.

ಮಪುಟೊದ ಹೋಟೆಲಿನ ತಣ್ಣನೆ ಕೋಣೆಯಲ್ಲಿ
ಗೋಡೆಯ ಮೇಲೊಂದು ಬಾಣ:
ಹನ್ನೆರಡರಿಂದ ಹನ್ನೆರಡು ಸಾವಿರಕ್ಕೆ
ಎಲ್ಲೂ ದಣಿವಾರಿಸಿಕೊಳ್ಳದೆ ಏರಿತ್ತು.
ಆ ಬಾಣ ಬರೆದವನೂ ನಾನೇ.
ಒಣಗಾಲದ ಐದು ತಿಂಗಳು ಬಳ್ಳಿಯ ಜೀವ ಹಿಡಿದದ್ದು
ಒಂದು ಡೀಸೆಲ್ ಪಂಪು ಎಂದು
ಅದರಲ್ಲಿ ಬರೆಯಲು ಜಾಗವಿರಲಿಲ್ಲ.

ಪಂಪು ಜೀಪಿನ ಜೊತೆ ಹೋಯಿತು.
ಸೆಪ್ಟೆಂಬರಿನಲ್ಲಿ ಬಳ್ಳಿ ದಾರವಾಯಿತು,
ಅಕ್ಟೋಬರಿನಲ್ಲಿ ಪುಡಿ.

ಏಳು ವರ್ಷದ ಮೇಲೆ
ಅಮಿಸ್ಸೆಯ ಮಣ್ಣಿಗೆಂದು ಬಂದೆ.
ತಾಕುಗಳಲ್ಲೆಲ್ಲ ಮರಗೆಣಸು, ಎದೆಯೆತ್ತರ.
ಫಲಕ ಆಡಿನ ದೊಡ್ಡಿಗೆ ಬಾಗಿಲಾಗಿತ್ತು;
ನಗುವ ಮಗುವಿನ ಹಣೆಗೆ ಹೋತವೊಂದು ಕೊಂಬು ತಿಕ್ಕುತ್ತಿತ್ತು.
ಸಾವಿನ ಮನೆಯ ತಟ್ಟೆಯಲ್ಲಿ ಮಾತ್ರ
ಗಂಜಿಯ ಪಕ್ಕ ಅದೇ ಕಿತ್ತಳೆ.
ಏನಿದು ಎಂದೆ. ಝೌಲಿನಾ ಎಂದರು.
ಗೆಣಸಿನ ಹೆಸರೇ ಈಗ ಅದು.

ಝೌಲಿನಾ ನಮ್ಮ ಪಟ್ಟಿಯಲ್ಲಿರಲಿಲ್ಲ.
ತಾಕು ಸಿಗದವಳು, ಹೊಳೆಯಾಚೆಯಿಂದ ಬಂದ ಸೊಸೆ.
ನಾವು ಕಿತ್ತೆಸೆದ ಬಳ್ಳಿಯನ್ನು
ಬಾವಿಯ ಚೆಲ್ಲುನೀರು ಹರಿದು ನಿಲ್ಲುವಲ್ಲಿ
ಬಾಳೆಯ ಬುಡಕ್ಕೆ ಚುಚ್ಚಿದ್ದಳು, ಅಷ್ಟೆ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ಬಂದವರೆಲ್ಲ ಕೊಡ ತುಂಬಿ, ಒಂದಿಷ್ಟು ಚೆಲ್ಲಿ,
ಆ ಹಸಿರನ್ನು ನೋಡಿ, ಕೇಳಿ...

ಅವಳ ಕರಾರು:
ಈಗ ಒಂದು ಮೊಳ ಒಯ್ಯಿ.
ಬರುವ ವರ್ಷ ಎರಡು ಮೊಳ ಕೊಡಿ.
ನನಗಲ್ಲ. ನಿಮಗೆ ಗುರುತಿಲ್ಲದ ಯಾರಿಗಾದರೂ.

ಎರಡೇಕೆ ಎಂದೆ.
ಅರ್ಧ ಸಾಯುತ್ತವೆ ಎಂದಳು: ಹುಳ, ಹಂದಿ, ನೆರೆ, ಸೋಮಾರಿಗಳು.
ಎಷ್ಟು ಮನೆಯಾಯಿತು? ಹಳೆಯ ಚಟ, ಕೇಳಿಯೇಬಿಟ್ಟೆ.
ಗುರುತಿಲ್ಲದವರನ್ನು ಹೇಗಪ್ಪ ಎಣಿಸುವುದು ಎಂದು
ಅವಳು ನನ್ನನ್ನೇ ಕೇಳಿದಳು.
ಎಲ್ಲರ ಮೊಳವೂ ಒಂದೇ ಅಲ್ಲವಲ್ಲ ಎಂದೆ,
ಮೂರು ವರ್ಷ ಟೇಪು ಹಿಡಿದ ಕೈಯಲ್ಲವೆ.
ಅಲ್ಲ ಎಂದಳು. ಮಕ್ಕಳನ್ನು ಕಳಿಸಿದವರಿಗೆ ನಷ್ಟ.
ಲಿಕುಂಗೊ ದಾಟಿ ಒಬ್ಬ ಮೀನುಗಾರ ಬಂದಿದ್ದ,
ಕೊಕ್ಕರೆಯ ಕತ್ತಿನಂಥ ತೋಳು;
ಅವನನ್ನು ಈಗಲೂ ಬೈಯುತ್ತೇನೆ.

ಹೊರಡುವಾಗ ನನ್ನ ಮೊಣಕೈ ಹಿಡಿದು
ತೋಳಿನುದ್ದಕ್ಕೆ ಬಳ್ಳಿ ಇಟ್ಟು
ನಡುಬೆರಳಿನ ತುದಿಯಲ್ಲಿ ಕತ್ತರಿಸಿದಳು.
ನನಗೆ ಹೊಲವಿಲ್ಲ, ಕೆಲಿಮಾನೆಯಲ್ಲಿ ಎರಡನೇ ಮಹಡಿ ಎಂದೆ.
ಬಚ್ಚಲಿದೆಯಲ್ಲ?

ಒದ್ದೆ ಕಾಲುಚೀಲದಲ್ಲಿ ಸುತ್ತಿ
ತೊಡೆಯ ಮೇಲಿಟ್ಟುಕೊಂಡು ಮಿನಿಬಸ್ಸಿನಲ್ಲಿ ಕೂತಿದ್ದೇನೆ.
ಇನ್ನೊಂದು ಕಾಲು ಬರಿದು, ಬೂಟಿನೊಳಗೆ ಮರಳು.
ಪಕ್ಕದ ಹೆಂಗಸು ಆಗಲೇ ಎರಡು ಸಲ ಇಣುಕಿದಳು.
ಅವಳ ಗುರುತು ನನಗಿಲ್ಲ.