ಹತ್ತು ಗಂಟೆಯ ನೆರಳು

ರಾತ್ರಿ ಗುಡುಗಿತು.
ಮಳೆಯಿಲ್ಲ, ಬರಿಯ ಗುಡುಗು. ಪೊಸಡಿಗುಂಪೆಯ ಕಡೆಯಿಂದ
ಯಾರೋ ಖಾಲಿ ಡ್ರಮ್ಮು ಉರುಳಿಸಿಕೊಂಡು ಬಂದ ಹಾಗೆ.
ಅತ್ತೆ ಮುತ್ತಕ್ಕೆ ಚಾಪೆಯಲ್ಲಿ ಎದ್ದು ಕೂತು
ಗೋಡೆಯ ಕೆಂಪುಕಲ್ಲಿಗೆ ಅಂಗೈ ಇಟ್ಟು
"ಕಲ್ಲಿಗೆ ಕೇಳಿಸಿತು" ಎಂದರು,
ಮತ್ತೆ ಮಲಗಿದರು.

ನಾನು ಗದಗಿನ ಎರೆಮಣ್ಣಿನವಳು.
ನಮ್ಮಲ್ಲಿ ಅಣಬೆ ಎಂದರೆ ತಿಪ್ಪೆಯ ಮೇಲಿನ ನಾಯಿಕೊಡೆ,
ಒದ್ದರೆ ಮುರಿಯಿತು, ಅಷ್ಟೆ.
ಹುಬ್ಬಳ್ಳಿಯ ಹೋಟೆಲಿನ ಗಲ್ಲಾದಲ್ಲಿದ್ದವನನ್ನು ಮೆಚ್ಚಿ
ಈ ಬಾಯಾರಿಗೆ ಬಂದ ಮೊದಲ ಜೂನಿನಲ್ಲಿ
ಅತ್ತೆ ಸೆರಗು ಬಿಚ್ಚಿ ಕಲ್ಲಣಬೆ ಸುರಿದಾಗ
ಇಷ್ಟೊಂದು ಗೋಲಿ ಯಾವ ಮಗುವಿನದು ಎಂದು ಕೇಳಿದ್ದೆ.

ಆರು ವರ್ಷ. ಜಾಗ ಮಾತ್ರ ಹೇಳಿದವರಲ್ಲ.
ಗಂಡನಿಗೂ ಹೇಳಿರಲಿಲ್ಲವಂತೆ.
ತಿಂದು ತಿಂದು, ಕೇಳಿ ಕೇಳಿ, ಆ ಮನುಷ್ಯ
ಒಂದು ದಿನ ಹೋಗಿಯೇಬಿಟ್ಟರಂತೆ.
ಪೇಟೆಯ ಅಂದುಞಿ ಕುಡ್ತೆಗೆ ನೂರೈವತ್ತು ಎಣಿಸುತ್ತ
"ಮುತ್ತಕ್ಕಾ, ಒಂದು ದಿಕ್ಕಾದರೂ ಹೇಳಿ" ಎಂದರೆ
ಇವರು ಕೈ ಎತ್ತಿ ತೋರಿಸುವುದು
ಅರಬ್ಬಿ ಸಮುದ್ರವನ್ನು.

ಈ ಸಲ ಮೊಣಕಾಲು ಮಡಚುವುದಿಲ್ಲ.
ಬೆಳಿಗ್ಗೆ ಕೊನೆಗೂ ಬಾಯಿ ಬಿಟ್ಟರು, ಬಳೆ ಅಡವಿಡುವವರ ಹಾಗೆ:
"ಪದವಿನಲ್ಲಿ ಒಂಟಿ ಬೋವಿನ ಮರ.
ಹತ್ತು ಗಂಟೆಗೆ ಅದರ ನೆರಳಿನ ತಲೆ ಎಲ್ಲಿ ಬೀಳುತ್ತದೋ
ಅಲ್ಲಿ ಒಕ್ಕು."

ಹೋದೆ. ಹತ್ತು ಗಂಟೆ. ಮರ ಇತ್ತು.
ಆಕಾಶ ನೆನೆದ ಗೋಣಿ.
ನೆರಳೇ ಇಲ್ಲ,
ಅಥವಾ ಇಡೀ ಪದವೇ ನೆರಳು.
ಗುಡುಗಿದ ಮರುದಿನಕ್ಕೆ ಬಿಸಿಲಿನ ಗುರುತು ಕೊಟ್ಟವರು
ಹೇಳಿದರೋ, ಇನ್ನಷ್ಟು ಬಚ್ಚಿಟ್ಟರೋ?

ಚಪ್ಪಲಿ ಬಿಟ್ಟೆ. ಸಿಟ್ಟಿಗೆ, ಉಪಾಯಕ್ಕಲ್ಲ.
ಮುಳಿಹುಲ್ಲು, ಚುಚ್ಚುವ ಹರಳು,
ಇರುವೆ ಎರಡು ಸಲ ಕಚ್ಚಿತು.
ಮರದಿಂದ ಬಹಳ ಆಚೆ, ಪೂರಾ ತಪ್ಪು ಕಡೆಯಲ್ಲಿ,
ಇನ್ನೂ ಮರವೆಂದು ಯಾರೂ ಕರೆಯದ ಒಂದು ಬೋವಿನ ಸಸಿಯ ಬುಡದಲ್ಲಿ
ಹಿಮ್ಮಡಿಯ ಕೆಳಗೆ ನೆಲ
ಹಲ್ಲು ಮೂಡುವ ಮುನ್ನಿನ ಮಗುವಿನ ವಸಡಿನ ಹಾಗೆ
ಉಬ್ಬಿತ್ತು.

ಗೆರಟೆಯಿಂದ ಕೆರೆದೆ.
ಒಂದು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಕೆ ಬಿಟ್ಟೆ.
ಮೂಗಿಗೆ ಹಿಡಿದರೆ
ಹೊಸ ಮಡಕೆಗೆ ಮೊದಲ ನೀರು ಬಿದ್ದ ವಾಸನೆ, ಅದರ ಹಿಂದೆ
ಯಾವುದೋ ಪ್ರಾಣಿ ಆಗಷ್ಟೇ ಎದ್ದು ಹೋದ
ಬೆಚ್ಚಗಿನ ಜಾಗದ್ದು.

ಗೋಣಿಯಲ್ಲಿ ಉಜ್ಜಿ ಏಳು ನೀರಿನಲ್ಲಿ ತೊಳೆದರೂ
ಎಂಟನೆಯ ನೀರು ಕೆಂಪು.
ಅತ್ತೆ ಕಾಲು ನೀಡಿ ಕೂತು, ಚೂರಿಯಿಂದ
ಒಂದೊಂದನ್ನೂ ಎರಡು ಹೋಳು ಮಾಡಿದರು.
ಒಳಗೆ ಬಿಳಿಯಾದರೆ ಬಾಣಲೆಗೆ.
ಕಪ್ಪಾದರೆ ಮೊರಕ್ಕೆ: "ಬಿಸಾಡಬೇಡ,
ಎಲ್ಲಿಂದ ತಂದೆಯೋ ಅಲ್ಲಿಗೇ ಉದುರಿಸಿ ಬಾ."
ನನ್ನ ತವರಿನ ಮಣ್ಣಿನ ಬಣ್ಣದವು ಹನ್ನೊಂದು ಇದ್ದವು.
"ಇವು ಹೋದ ವಾರದ ಗುಡುಗಿನವು" ಎಂದರು.

ಬ್ಯಾಡಗಿ ಮೆಣಸು, ಕೊತ್ತಂಬರಿ, ನಾಲ್ಕೇ ನಾಲ್ಕು ಮೆಂತೆ;
ಕಾಯಿತುರಿ ಕಂದುವವರೆಗೆ ಹುರಿದದ್ದು;
ತೆಂಗಿನೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ.
ಹಲಸಿನ ಬೀಜ ಹಾಕುವುದೋ ಬೇಡವೋ ಎಂದು
ಗಂಡ ಒಂದು ಕಡೆ, ಅತ್ತೆ ಒಂದು ಕಡೆ.
ಹಾಕಲಿಲ್ಲ.

ಕುಚ್ಚಲಕ್ಕಿ ಗಂಜಿ. ಯಾರೂ ಮಾತಾಡಲಿಲ್ಲ.
ಸಿಪ್ಪೆ ಮೊದಲು ಹಲ್ಲಿಗೆ ಒಪ್ಪುವುದಿಲ್ಲ,
ಆಮೇಲೆ ಕರಕ್ಕೆಂದು ಒಪ್ಪುತ್ತದೆ. ಒಳಗಿನದು
ಗಿಣ್ಣಿನ ಹಾಗೆ ನಾಲಿಗೆಯಲ್ಲಿ ಹರಡಿ
ಹೇಳಬೇಕಾದ ಮಾತನ್ನು ಮರೆಸುತ್ತದೆ.

ಕೈ ತೊಳೆಯುವಾಗ ಅತ್ತೆ ಕೇಳಿದರು: "ಓಲು?"
ಎಲ್ಲಿ, ಎಂದು.
ಆರು ವರ್ಷದಲ್ಲಿ ನನ್ನೊಡನೆ ಅವರ ಮೊದಲ ತುಳು.
ನಾನು ಒದ್ದೆ ಕೈ ಎತ್ತಿ
ಸಮುದ್ರದ ದಿಕ್ಕಿಗೆ ತೋರಿಸಿದೆ.
"ಅವುಳು."

ನಕ್ಕ ರಭಸಕ್ಕೆ ಅವರ ಕೈಯ ಚೊಂಬು ಜಾರಿ
ಅಂಗಳದ ತುದಿಯವರೆಗೂ ಉರುಳಿತು.
ನಾಳೆ ಕಪ್ಪಿನವನ್ನು ಮುಟ್ಟಿಸಿ ಬರಬೇಕು,
ಸುತ್ತುದಾರಿಯಲ್ಲಿ.